ಹೈದರಾಬಾದಿಗೆ ಯಾವ ತಿಂಗಳಲ್ಲಿ ಬಂದರೆ ಚೆನ್ನ? ಹೋಟೆಲಿನವರಿಗೆ ಒಂದು ಹಬ್ಬದ ಪಂಚಾಂಗ



ನಾನು ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದಲ್ಲಿ ಹೋಟೆಲ್ ನಡೆಸುತ್ತಿರುವವನು. ಊರಿನ ಕಡೆಯಿಂದ ನಮ್ಮ ವೃತ್ತಿಯ ಸ್ನೇಹಿತರು ವರ್ಷದಲ್ಲಿ ಹತ್ತು ಹದಿನೈದು ಮಂದಿಯಾದರೂ ಫೋನು ಮಾಡಿ ಕೇಳುವುದು ಒಂದೇ ಮಾತು: "ಹೈದರಾಬಾದ್ ನೋಡಬೇಕು, ಅಲ್ಲಿಯ ಹಬ್ಬ ನೋಡಬೇಕು, ಯಾವಾಗ ಬರಲಿ?" ಇದಕ್ಕೆ "ಯಾವಾಗ ಬೇಕಾದರೂ ಬನ್ನಿ" ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮಂಥವರು ಊರು ಬಿಡುವುದೇ ಎರಡು ಮೂರು ವರ್ಷಕ್ಕೊಮ್ಮೆ. ನಾಲ್ಕು ದಿನ ಮಾಲೀಕ ಗಲ್ಲಾದ ಮೇಲೆ ಕೂರದಿದ್ದರೆ ಏನಾಗುತ್ತದೆ ಎಂಬುದು ತಮಗೆ ನಾನು ಹೇಳಬೇಕಾಗಿಲ್ಲ. ಅಷ್ಟು ಕಳೆದುಕೊಂಡು ಬಂದವರು ಮುಚ್ಚಿದ ರಸ್ತೆ, ಸಿಗದ ರೂಮು, ನೆತ್ತಿ ಸುಡುವ ಬಿಸಿಲು ನೋಡಿಕೊಂಡು ಹೋಗಬಾರದು. ಆದ್ದರಿಂದ ಹೋಟೆಲಿನವರ ಅನುಕೂಲಕ್ಕೆ ತಕ್ಕಂತೆ ಈ ಊರಿನ ಹಬ್ಬಗಳ ಲೆಕ್ಕವನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲು ನಮ್ಮ ಬಿಡುವು ಯಾವುದು?

ಪ್ರವಾಸದ ಪುಸ್ತಕಗಳಲ್ಲಿ ನವೆಂಬರಿನಿಂದ ಫೆಬ್ರವರಿ ತನಕ ಹೈದರಾಬಾದಿಗೆ ಒಳ್ಳೆಯ ಕಾಲ ಎಂದು ಬರೆದಿರುತ್ತಾರೆ. ಹವೆಯ ಮಟ್ಟಿಗೆ ಅದು ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡಲಾಗದು. ಆದರೆ ಆ ಪುಸ್ತಕ ಬರೆದವರು ನಮಗಾಗಿ ಬರೆದಿಲ್ಲ. ಕಾರ್ತಿಕ, ಮಾರ್ಗಶಿರ, ಮಾಘ, ಫಾಲ್ಗುಣ ನಮಗೆ ಮುಹೂರ್ತದ ತಿಂಗಳುಗಳು. ಆಗ ಕೇಟರಿಂಗ್ ಮಾಡುವವರಿಗೆ ಸ್ವಂತ ಮನೆಯ ಮದುವೆಗೆ ಹೋಗಲೂ ಪುರುಸೊತ್ತು ಇರುವುದಿಲ್ಲ.

ನಮಗೆ ಬಿಡುವು ಸಿಗುವುದು ಮದುವೆ ಇಲ್ಲದ ಮೂರು ತಿಂಗಳಲ್ಲಿ: ಆಷಾಢ, ಭಾದ್ರಪದ ಮತ್ತು ಪುಷ್ಯ. ತೆಲುಗಿನವರು ಇವನ್ನು ಶೂನ್ಯ ಮಾಸ ಎನ್ನುತ್ತಾರೆ. ಅವರ ಪಂಚಾಂಗವೂ ನಮ್ಮದೂ ಒಂದೇ ಚಾಂದ್ರಮಾನದ್ದು, ಅಮಾವಾಸ್ಯೆಗೆ ತಿಂಗಳು ಮುಗಿಯುವಂಥದ್ದು. ಆದ್ದರಿಂದ ಊರಿನಲ್ಲಿ ಛತ್ರ ಖಾಲಿ ಇರುವಾಗಲೇ ಇಲ್ಲಿಯ ಫಂಕ್ಷನ್ ಹಾಲುಗಳೂ ಖಾಲಿ. ನಮ್ಮ ಅದೃಷ್ಟಕ್ಕೆ ಹೈದರಾಬಾದಿನ ದೊಡ್ಡ ಉತ್ಸವಗಳು ಬರುವುದೂ ಇದೇ ಮೂರು ತಿಂಗಳಲ್ಲಿ. ಆಷಾಢದಲ್ಲಿ ಬೋನಾಲು, ಭಾದ್ರಪದದಲ್ಲಿ ಗಣಪತಿ, ಭಾದ್ರಪದದ ಅಮಾವಾಸ್ಯೆಯಿಂದ ಬತುಕಮ್ಮ, ಪುಷ್ಯದಲ್ಲಿ ಸಂಕ್ರಾಂತಿ ಮತ್ತು ನುಮಾಯಿಷ್. ಒಂದೊಂದಾಗಿ ನೋಡೋಣ.

ಆಷಾಢ: ಬೋನಾಲು

ಬೋನಂ ಎಂದರೆ ಭೋಜನ. ನಮ್ಮ ಕನ್ನಡದಲ್ಲಿಯೂ ದೇವರಿಗೆ ಒಪ್ಪಿಸುವ ಅನ್ನಕ್ಕೆ ಬೋನ ಎಂಬ ಹಳೆಯ ಮಾತಿದೆ. ಹೊಸ ಗಡಿಗೆಯಲ್ಲಿ ಅಕ್ಕಿ, ಹಾಲು, ಬೆಲ್ಲ ಹಾಕಿ ಬೇಯಿಸಿ, ಗಡಿಗೆಗೆ ಅರಿಶಿನ ಕುಂಕುಮ ಹಚ್ಚಿ, ಬೇವಿನ ಸೊಪ್ಪು ಕಟ್ಟಿ, ಮೇಲೊಂದು ದೀಪ ಇಟ್ಟು ಹೆಂಗಸರು ತಲೆಯ ಮೇಲೆ ಹೊತ್ತು ಅಮ್ಮನ ಗುಡಿಗೆ ಹೋಗುತ್ತಾರೆ. ಮುಂದೆ ಮೈಗೆ ಅರಿಶಿನ ಬಳಿದುಕೊಂಡು, ಚಾಟಿ ಬೀಸುತ್ತ ಪೋತರಾಜು ಕುಣಿಯುತ್ತಾನೆ.

ಇದರ ಹಿಂದಿನ ಕಥೆ ಸಾಂಕ್ರಾಮಿಕ ರೋಗದ್ದು. 1813ರಲ್ಲಿ ಈ ಅವಳಿ ನಗರದಲ್ಲಿ ರೋಗ ಹರಡಿ ಬಹಳ ಜನ ಸತ್ತರು. ಆಗ ಉಜ್ಜಯಿನಿಯಲ್ಲಿದ್ದ ಇಲ್ಲಿಯ ಸೈನಿಕರು, ರೋಗ ನಿಂತರೆ ಊರಿನಲ್ಲಿ ಮಹಾಕಾಳಿಯನ್ನು ಪ್ರತಿಷ್ಠೆ ಮಾಡುತ್ತೇವೆಂದು ಹರಕೆ ಹೊತ್ತರಂತೆ. ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ದೇವಸ್ಥಾನ ಹಾಗೆ ಬಂದದ್ದೆಂದು ಇಲ್ಲಿಯ ಜನ ಹೇಳುತ್ತಾರೆ. ಮಳೆಗಾಲದ ಮೊದಲಿಗೆ ಬೇವು, ಅರಿಶಿನ ಏಕೆ ಎಂಬುದು ಅಡುಗೆಮನೆಯಲ್ಲಿ ಕೆಲಸ ಮಾಡುವ ನಮಗೆ ಬೇರೆ ಹೇಳಬೇಕಾಗಿಲ್ಲ. 2014ರಲ್ಲಿ ತೆಲಂಗಾಣ ರಾಜ್ಯವಾದ ಮೇಲೆ ಬೋನಾಲು ರಾಜ್ಯದ ಹಬ್ಬವಾಗಿದೆ.

ಹೊರಗಿನಿಂದ ಬರುವವರು ತಿಳಿದಿರಬೇಕಾದದ್ದು ಏನೆಂದರೆ, ಬೋನಾಲು ಊರಿಗೆಲ್ಲ ಒಂದೇ ದಿನ ನಡೆಯುವುದಿಲ್ಲ. ಮೊದಲು ಗೋಲ್ಕೊಂಡ ಕೋಟೆಯ ಜಗದಾಂಬೆಗೆ, ನಂತರದ ಒಂದು ಭಾನುವಾರ ಸಿಕಂದರಾಬಾದ್ ಮಹಾಕಾಳಿಗೆ, ಅದರ ಮುಂದಿನ ಭಾನುವಾರ ಹಳೆ ಊರಿನ ಲಾಲ್ ದರ್ವಾಜಾಕ್ಕೆ. 2025ರಲ್ಲಿ ಈ ಮೂರು ಜೂನ್ 26, ಜುಲೈ 13 ಮತ್ತು ಜುಲೈ 20ಕ್ಕೆ ಬಿದ್ದವು. ಒಂದನ್ನೇ ನೋಡುವುದಾದರೆ ಸಿಕಂದರಾಬಾದಿನದನ್ನು ಆರಿಸಿ. ಶನಿವಾರ ಬಂದು, ಭಾನುವಾರ ಬೋನಾಲು ನೋಡಿ, ಸೋಮವಾರ ಬೆಳಿಗ್ಗೆ ರಂಗಂ ನೋಡಿಕೊಂಡು ರಾತ್ರಿ ರೈಲು ಹತ್ತಬಹುದು. ರಂಗಂ ಎಂದರೆ ಹೆಂಗಸೊಬ್ಬಳು ಸುಡದ ಹಸಿ ಗಡಿಗೆಯ ಮೇಲೆ ನಿಂತು ಮಳೆ ಬೆಳೆಯ ಭವಿಷ್ಯ ಹೇಳುವುದು. ನಮ್ಮ ಕಡೆಯ ಕಾರಣಿಕ ಇದ್ದ ಹಾಗೆ.

ವ್ಯಾಪಾರದ ಮಾತು: ಬೋನಾಲು ಭಾನುವಾರ ಮನೆಮನೆಯಲ್ಲೂ ಮಾಂಸದ ಅಡುಗೆ ಇರುತ್ತದೆ. ನಮ್ಮಂಥ ಸಸ್ಯಾಹಾರಿ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ತೀರಾ ಕಡಿಮೆ, ಬೆಳಗಿನ ಇಡ್ಲಿ ದೋಸೆ ಮತ್ತು ಸಂಜೆಯ ಕಾಫಿ ಟೀ ಜಾಸ್ತಿ. ಜೀಡಿಮೆಟ್ಲಾ, ಶಾಪುರನಗರ, ಚಿಂತಲ್ ಕಡೆಯ ಗಲ್ಲಿಗಳಲ್ಲಿಯೂ ಗುಡಿಗೊಂದು ಬೋನಾಲು ನಡೆಯುತ್ತದೆ. ಆ ವಾರಗಳಲ್ಲಿ ಭಾನುವಾರದ ಅನ್ನದ ಅಕ್ಕಿ ಅಳೆಯುವಾಗ ಕೈ ಹಿಡಿಯಬೇಕು.

ಭಾದ್ರಪದ: ಗಣಪತಿ

ಖೈರತಾಬಾದಿನ ಗಣಪತಿಯ ಹೆಸರು ಕೇಳದವರಿಲ್ಲ. 1954ರಲ್ಲಿ ಸಿಂಗರಿ ಶಂಕರಯ್ಯ ಎಂಬುವರು ಒಂದು ಅಡಿಯ ಮೂರ್ತಿ ಕೂರಿಸಿ ಆರಂಭಿಸಿದರು. ವರ್ಷಕ್ಕೊಂದು ಅಡಿಯಂತೆ ಏರಿಸುತ್ತ 2014ಕ್ಕೆ 60 ಅಡಿ ಆಯಿತು. 70 ವರ್ಷ ತುಂಬಿದ್ದಕ್ಕೆ 2024ರಲ್ಲಿ 70 ಅಡಿಯ ಮೂರ್ತಿ ಮಾಡಿದ್ದರು. ಇನ್ನು ಬಾಲಾಪುರದ ಗಣಪತಿಯ ಕೈಯಲ್ಲಿ ಇಡುವ 21 ಕೆ.ಜಿ. ಲಡ್ಡು. ಇದರ ಹರಾಜು 1994ರಲ್ಲಿ 450 ರೂಪಾಯಿಗೆ ಶುರುವಾದದ್ದು 2024ರಲ್ಲಿ 30 ಲಕ್ಷ ದಾಟಿತು. ಕೆ.ಜಿ. ಲೆಕ್ಕದಲ್ಲಿ ಲಡ್ಡು ಮಾರುವ ನಾವು ಆ ದರ ಕೇಳಿ ನಕ್ಕು ಸುಮ್ಮನಾಗಬೇಕು. ಅದು ಭಕ್ತಿಯ ಬೆಲೆ, ಕಡಲೆಹಿಟ್ಟಿನದಲ್ಲ.

ಗಣಪತಿ ನೋಡಲು ಬರುವವರು ಎರಡು ಗುಂಪು. ಮೂರ್ತಿಗಳನ್ನು ನೋಡಬೇಕೆನ್ನುವವರು ಚೌತಿ ಕಳೆದು ಮೂರನೆಯ ದಿನದಿಂದ ಎಂಟನೆಯ ದಿನದೊಳಗೆ, ಭಾನುವಾರ ಬಿಟ್ಟು, ಬೆಳಿಗ್ಗೆ ಬೇಗ ಖೈರತಾಬಾದಿಗೆ ಹೋಗಬೇಕು. ಹೀಗಾದರೆ ಊರಿನಲ್ಲಿ ಚೌತಿಯ ಕಡುಬು, ಮೋದಕದ ಆರ್ಡರು ಮುಗಿಸಿಯೇ ಹೊರಡಬಹುದು. ವಿಸರ್ಜನೆಯನ್ನೇ ನೋಡಬೇಕೆನ್ನುವವರು ಅನಂತ ಚತುರ್ದಶಿಯ ಹಿಂದಿನ ದಿನವೇ ಬಂದು, ಹುಸೇನ್ ಸಾಗರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ರೂಮು ಮಾಡಬೇಕು. ಆ ದಿನ ಚಾರ್ಮಿನಾರ್ ಕಡೆಯಿಂದ ಅಬಿಡ್ಸ್ ದಾಟಿ ಟ್ಯಾಂಕ್ ಬಂಡ್ ತನಕ ರಸ್ತೆ ಮೆರವಣಿಗೆಗೆ ಬಿಟ್ಟದ್ದು. ಆ ದಿನ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ರೈಲು ಹಿಡಿಯುವ ಯೋಜನೆ ಬೇಡವೇ ಬೇಡ. ಮೆಟ್ರೋ ಇದೆ, ಅದರಲ್ಲಿ ಓಡಾಡಬಹುದು. ಆದರೆ ಪೆಟ್ಟಿಗೆ, ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಆ ನೂಕುನುಗ್ಗಲಿಗೆ ಇಳಿಯಬೇಡಿ.

ನಮ್ಮ ವೃತ್ತಿಯವರು ನೋಡಬೇಕಾದದ್ದು ಪೆಂಡಾಲುಗಳ ಅನ್ನದಾನ. ಗಲ್ಲಿಯ ಹುಡುಗರು ಗುತ್ತಿಗೆ ಕೊಡದೆ, ತಾವೇ ಒಲೆ ಹೂಡಿ ನೂರಾರು ಜನಕ್ಕೆ ಬಡಿಸುತ್ತಾರೆ. ಹೆಚ್ಚಾಗಿ ಪುಳಿಹೋರ ಮತ್ತು ಮೊಸರನ್ನ. ಏಕೆಂದರೆ ಹುಣಸೆಹುಳಿ, ಎಣ್ಣೆ, ಅರಿಶಿನ ಬಿದ್ದ ಅನ್ನ ಬೆಳಿಗ್ಗೆ ಕಲಸಿದ್ದು ಸಂಜೆಯ ತನಕ ಕೆಡದೆ ನಿಲ್ಲುತ್ತದೆ. ಮೊಸರನ್ನವನ್ನು ಮಾತ್ರ ಆಗಿಂದಾಗಲೇ ಕಲಸುತ್ತಾರೆ.

ಬತುಕಮ್ಮ ಮತ್ತು ದಸರಾ

ಮಹಾಲಯ ಅಮಾವಾಸ್ಯೆಗೆ ಶುರುವಾಗಿ ದುರ್ಗಾಷ್ಟಮಿಯ ತನಕ ಒಂಬತ್ತು ದಿನ ಬತುಕಮ್ಮ. ಇದು ಹೂವನ್ನೇ ದೇವರೆಂದು ಪೂಜಿಸುವ ಹಬ್ಬ. ತಂಗಡಿ ಹೂವು, ಅಣ್ಣೆ ಹೂವು, ಚೆಂಡುಹೂವು ಇವನ್ನು ತಟ್ಟೆಯಲ್ಲಿ ಗೋಪುರದ ಹಾಗೆ ಜೋಡಿಸಿ, ನಡುವೆ ಇಟ್ಟು, ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟಿ ಹಾಡುತ್ತಾರೆ. ಕೊನೆಗೆ ಕೆರೆಗೆ ಬಿಡುತ್ತಾರೆ. ನಮ್ಮ ಜೀಡಿಮೆಟ್ಲಾದ ಫಾಕ್ಸ್ ಸಾಗರ್ ಕೆರೆ ಈಗ ಊರೊಳಗೇ ಸೇರಿಹೋಗಿದೆ. ಕೆರೆಕಟ್ಟೆ ಇದ್ದಲ್ಲೆಲ್ಲ ಈ ಹಬ್ಬಕ್ಕೆ ಜಾಗ ಇದೆ.

ಅಡುಗೆಯವರಿಗೆ ಈ ಹಬ್ಬ ಒಂದು ಪಾಠವೇ. ದಿನಕ್ಕೊಂದು ನೈವೇದ್ಯ, ಆ ದಿನದ ಹೆಸರೂ ಹೆಚ್ಚಾಗಿ ಅದರದ್ದೇ. ಎರಡನೆಯ ದಿನ ಅಟುಕುಲ ಎಂದರೆ ಅವಲಕ್ಕಿ, ಮೂರನೆಯ ದಿನ ಮುದ್ದಪಪ್ಪು ಎಂದರೆ ಗಟ್ಟಿ ತೊವ್ವೆ, ನಾಲ್ಕಕ್ಕೆ ನೆನೆಸಿದ ಅಕ್ಕಿ, ಐದಕ್ಕೆ ದೋಸೆ. ಆರನೆಯ ದಿನ ಅಮ್ಮ ಮುನಿಸಿಕೊಂಡಿದ್ದಾಳೆಂದು ನೈವೇದ್ಯವೇ ಇಲ್ಲ. ಏಳಕ್ಕೆ ಬೇವಿನಕಾಯಿಯ ಆಕಾರದಲ್ಲಿ ಕರಿದದ್ದು, ಎಂಟಕ್ಕೆ ಬೆಣ್ಣೆಯುಂಡೆ. ಒಂಬತ್ತನೆಯದು ಸದ್ದುಲ ಬತುಕಮ್ಮ. ಸದ್ದಿ ಎಂದರೆ ಬುತ್ತಿ. ಮೊಸರು, ಹುಣಸೆ, ನಿಂಬೆ, ಕೊಬ್ಬರಿ, ಎಳ್ಳು ಹೀಗೆ ಐದು ಬಗೆಯ ಕಲಸಿದ ಅನ್ನ. ಉತ್ತರ ಕರ್ನಾಟಕದ ಎಳ್ಳ ಅಮಾವಾಸ್ಯೆಯ ಬುತ್ತಿ ಕಟ್ಟಿ ಗೊತ್ತಿರುವವರಿಗೆ ಇದು ನೆಂಟರ ಮನೆಯ ಊಟದಂತೆ ಕಾಣುತ್ತದೆ. ಈ ಐದು ಅನ್ನವನ್ನು ನವರಾತ್ರಿಯಲ್ಲಿ ಒಂದೇ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಕೊಟ್ಟರೆ ಯಾವ ಊರಿನಲ್ಲಿಯೂ ಗಿರಾಕಿ ಬೇಡ ಎನ್ನಲಾರ.

ಮೈಸೂರಿನ ಕಡೆಯವರಿಗೆ ಇದೇ ದಸರಾ ವ್ಯಾಪಾರದ ಕಾಲ, ಅವರು ಬರಲಾರರು. ಬೀದರ್, ಕಲಬುರಗಿ, ರಾಯಚೂರು ಕಡೆಯವರು ಸದ್ದುಲ ಬತುಕಮ್ಮಕ್ಕೆ ಬಂದು ಬನ್ನಿ ಹಬ್ಬಕ್ಕೆ ಊರು ಸೇರಬಹುದು. ಆದರೆ ಹೋಗುವ ಟಿಕೆಟ್ ಮೊದಲೇ ಇರಲಿ. ದಸರಾ ಹತ್ತಿರ ಬಂದಾಗ ಊರಿಗೂರೇ ಹಳ್ಳಿಗೆ ಹೊರಡುತ್ತದೆ, ಇಮ್ಲಿಬನ್ ಮತ್ತು ಜುಬಿಲಿ ಬಸ್ ನಿಲ್ದಾಣಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಪುಷ್ಯ: ಸಂಕ್ರಾಂತಿ ಮತ್ತು ನುಮಾಯಿಷ್

ನನ್ನನ್ನು ಕೇಳಿದರೆ, ಕುಟುಂಬ ಸಮೇತ ಮೊದಲ ಸಲ ಬರುವವರಿಗೆ ಇದೇ ಅತ್ಯುತ್ತಮ. ಬಿಸಿಲಿಲ್ಲ, ಮಳೆಯಿಲ್ಲ, ಮುಹೂರ್ತವಿಲ್ಲ. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಜನವರಿ 1ರಿಂದ ಫೆಬ್ರವರಿ 15ರ ತನಕ 46 ದಿನ ನುಮಾಯಿಷ್ ನಡೆಯುವುದು ವಾಡಿಕೆ. 1938ರಲ್ಲಿ ನಿಜಾಮರ ಕಾಲದಲ್ಲಿ ಪಬ್ಲಿಕ್ ಗಾರ್ಡನ್ಸಿನಲ್ಲಿ ಆರಂಭವಾಗಿ, 1946ರಲ್ಲಿ ಈ ಮೈದಾನಕ್ಕೆ ಬಂತು. ಇದನ್ನು ನಡೆಸುವ ಎಕ್ಸಿಬಿಷನ್ ಸೊಸೈಟಿ ಬಂದ ಹಣದಲ್ಲಿ ಶಾಲೆ ಕಾಲೇಜು ನಡೆಸುತ್ತದೆ. ಸಂಘ ಸಂಸ್ಥೆ ನಡೆಸುವ ನಮ್ಮವರು ಇದನ್ನು ಗಮನಿಸಬೇಕು. ಕಾಶ್ಮೀರದ ಶಾಲಿನಿಂದ ಅಡುಗೆಮನೆಯ ತುರಿಮಣೆಯ ತನಕ ಎಲ್ಲ ಸಿಗುತ್ತದೆ. 2019ರ ಜನವರಿ 30ರಂದು ಇಲ್ಲಿ ದೊಡ್ಡ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟವು. ಮೇಳಗಳಲ್ಲಿ ಸಿಲಿಂಡರ್ ಇಟ್ಟು ಸ್ಟಾಲ್ ಹಾಕುವವರು ಆ ದಿನವನ್ನು ಮರೆಯಬಾರದು.

ಸಂಕ್ರಾಂತಿಯ ಮೂರು ದಿನ ಇನ್ನೊಂದು ವಿಶೇಷ. ಆಂಧ್ರದ ಜನರೆಲ್ಲ ಊರಿಗೆ ಹೋಗಿ ಹೈದರಾಬಾದಿನ ರಸ್ತೆಗಳು ಖಾಲಿ. ವಿಜಯವಾಡ ರಸ್ತೆಯ ಟೋಲ್ ಗೇಟಿನಲ್ಲಿ ವಾಹನ ಸಾಲು ನಿಂತರೆ, ಕರ್ನಾಟಕದ ಕಡೆಯಿಂದ ಬರುವ ನಮಗೆ ಆ ದಾರಿಯ ಗೊಡವೆಯೇ ಇಲ್ಲ. ಗೋಲ್ಕೊಂಡ, 1591ರ ಚಾರ್ಮಿನಾರ್, ಸಾಲಾರ್ ಜಂಗ್ ಮ್ಯೂಸಿಯಂ ಎಲ್ಲವನ್ನೂ ಟ್ರಾಫಿಕ್ ಇಲ್ಲದೆ ಸುತ್ತಬಹುದು. ಮ್ಯೂಸಿಯಂಗೆ ಶುಕ್ರವಾರ ರಜೆ, ನೆನಪಿರಲಿ. ಮನೆಗಳ ಮಾಳಿಗೆಯ ಮೇಲೆಲ್ಲ ಗಾಳಿಪಟ. ಸಿಕಂದರಾಬಾದ್ ಪರೇಡ್ ಮೈದಾನದಲ್ಲಿ ಸರಕಾರ ಗಾಳಿಪಟ ಮತ್ತು ಸಿಹಿತಿಂಡಿಯ ಉತ್ಸವವನ್ನು 2018, 2024, 2025ರಲ್ಲಿ ಮಾಡಿತ್ತು. ಬೇರೆ ಬೇರೆ ರಾಜ್ಯದ ಗೃಹಿಣಿಯರು ತಮ್ಮ ಮನೆಯ ಸಿಹಿ ಮಾಡಿ ಮಾರುವುದು ಅಲ್ಲಿಯ ಆಕರ್ಷಣೆ.

ಒಂದು ಎಚ್ಚರಿಕೆ. ಎರಡು ವರ್ಷಕ್ಕೊಮ್ಮೆ ಮುಲುಗು ಜಿಲ್ಲೆಯ ಮೇಡಾರಂನಲ್ಲಿ ಸಮ್ಮಕ್ಕ ಸಾರಲಮ್ಮ ಜಾತ್ರೆ ಮಾಘದಲ್ಲಿ ಬರುತ್ತದೆ. 2024, 2026 ಹೀಗೆ ಸಮ ಸಂಖ್ಯೆಯ ವರ್ಷಗಳಲ್ಲಿ. ಸರಕಾರಿ ಬಸ್ಸುಗಳು ಸಾವಿರಗಟ್ಟಲೆ ಆ ಕಡೆ ಹೋಗುವುದರಿಂದ ಆ ವಾರ ಬಸ್ಸನ್ನು ನಂಬಿಕೊಂಡು ಬರಬೇಡಿ.

ರಂಜಾನ್ ಮತ್ತು ಮೊಹರಂ

ಇವೆರಡೂ ನಮ್ಮ ಪಂಚಾಂಗಕ್ಕೆ ಸಿಗುವುದಿಲ್ಲ. ಅವರದು ಬರಿಯ ಚಂದ್ರನ ಲೆಕ್ಕ, ಅಧಿಕ ಮಾಸವಿಲ್ಲ. ಆದ್ದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತವೆ. 2025ರಲ್ಲಿ ಮಾರ್ಚ್ ಮೊದಲಿಗೆ ಶುರುವಾದ ರಂಜಾನ್ 2026ಕ್ಕೆ ಫೆಬ್ರವರಿ ಮೂರನೆಯ ವಾರ. ಇನ್ನು ಕೆಲವು ವರ್ಷ ಅದು ಚಳಿಗಾಲದಲ್ಲೇ ಇರುತ್ತದೆ. ರಾತ್ರಿ ತಿರುಗಾಡಲು ಹಿತ.

ರಂಜಾನಿನಲ್ಲಿ ಹಳೆ ಊರಿಗೆ ಹಗಲು ಹೋಗಬೇಡಿ, ಸಂಜೆ ಉಪವಾಸ ಬಿಟ್ಟ ಮೇಲೆ ಹೋಗಿ. ಚಾರ್ಮಿನಾರ್ ಸುತ್ತ ನಡುರಾತ್ರಿ ದಾಟಿದರೂ ಅಂಗಡಿ ತೆರೆದಿರುತ್ತದೆ. ಹೈದರಾಬಾದಿ ಹಲೀಮಿಗೆ 2010ರಲ್ಲಿ ಜಿ.ಐ. ಗುರುತು ಬಂತು. ಗೋಧಿ ಮತ್ತು ಮಾಂಸವನ್ನು ಭಟ್ಟಿಯ ಮೇಲೆ ಹತ್ತು ಹನ್ನೆರಡು ಗಂಟೆ ಬೇಯಿಸಿ, ಮರದ ಕೋಲಿನಿಂದ ಕುಟ್ಟಿ ಒಂದುಗೂಡಿಸುತ್ತಾರೆ. ನಾವು ಸಸ್ಯಾಹಾರಿಗಳು ತಿನ್ನದಿದ್ದರೂ ಆ ವ್ಯಾಪಾರವನ್ನು ನಿಂತು ನೋಡಬೇಕು. ಒಂದೇ ಐಟಂ, ಒಂದೇ ತಿಂಗಳು, ಹೋಟೆಲಿನ ಮುಂದೆ ಒಂದು ಕೌಂಟರ್, ಬಹುಪಾಲು ಪಾರ್ಸೆಲ್. ಟೇಬಲ್ ಬೇಡ, ಹೆಚ್ಚು ಸಪ್ಲೈಯರ್ ಬೇಡ. ಶ್ರಾವಣಕ್ಕೆ ಹೋಳಿಗೆ, ಸಂಕ್ರಾಂತಿಗೆ ಪೊಂಗಲ್ ಹೀಗೆ ನಾವೂ ಮಾಡಬಹುದಾದ ಕೆಲಸ ಅದು. 2019ರಲ್ಲಿ ಯುನೆಸ್ಕೋ ಹೈದರಾಬಾದನ್ನು ಆಹಾರದ ಸೃಜನಶೀಲ ನಗರವೆಂದು ಪಟ್ಟಿಗೆ ಸೇರಿಸಿತು. ಅದು ಬಿರಿಯಾನಿಯೊಂದರಿಂದ ಬಂದದ್ದಲ್ಲ, ಎಲ್ಲ ಜಾತಿ ಮತದ ಅಡುಗೆಮನೆಗಳಿಂದ ಬಂದದ್ದು.

ಮೊಹರಂ ಹತ್ತನೆಯ ದಿನ ದಬೀರ್‌ಪುರದಿಂದ ಬೀಬಿ ಕಾ ಆಲಂ ಆನೆಯ ಮೇಲೆ ಹೊರಡುತ್ತದೆ. ಇದು ಶೋಕದ ಮೆರವಣಿಗೆ, ಹಬ್ಬದ ಸಂಭ್ರಮವಲ್ಲ. ನೋಡಲು ಹೋಗುವವರು ದೂರ ನಿಂತು, ಮರ್ಯಾದೆಯಿಂದ ನೋಡಬೇಕು.

ಅಂಗಡಿ ಹುಡುಕಲು ಬರುವವರು ಹಬ್ಬದಲ್ಲಿ ಬರಬೇಡಿ

ಇದು ಮುಖ್ಯ. ನಮ್ಮಲ್ಲಿ ಅನೇಕರು ಹಬ್ಬ ನೋಡುವ ನೆಪದಲ್ಲಿ ಬಂದು, ಹಾಗೆಯೇ ಬ್ರಾಂಚ್ ತೆರೆಯಲು ಜಾಗವನ್ನೂ ನೋಡಿಕೊಂಡು ಹೋಗುತ್ತಾರೆ. ಹಬ್ಬದ ದಿನ ಕಾಣುವ ಊರು ನಿಜವಾದ ಊರಲ್ಲ. ಪರಿಚಯದ ಒಬ್ಬರು ಜನವರಿಯಲ್ಲಿ ನಾಂಪಲ್ಲಿಯ ಜನಜಂಗುಳಿ ನೋಡಿ, ಆ ಸುತ್ತಿನಲ್ಲೇ ಅಡ್ವಾನ್ಸ್ ಕೊಟ್ಟು ಅಂಗಡಿ ಹಿಡಿದರು. ಮಾರ್ಚಿಗೆ ಬಾಗಿಲು ತೆಗೆಯುವಾಗ ಮೇಳದ ಜನ ಒಬ್ಬರೂ ಇಲ್ಲ. ಬಾಡಿಗೆ ಮಾತ್ರ ಜನವರಿಯ ಲೆಕ್ಕದ್ದು. ಎರಡು ವರ್ಷ ಕಷ್ಟಪಟ್ಟು ಬಿಟ್ಟು ಹೋದರು, ಅಡ್ವಾನ್ಸಿನಲ್ಲಿ ಅರ್ಧ ವಾಪಸು ಬರಲಿಲ್ಲ.

ಇದಕ್ಕೆ ತಿರುಗುಮುರುಗು ನಮ್ಮ ಜೀಡಿಮೆಟ್ಲಾ. ಇಲ್ಲಿ ಔಷಧ, ಇಂಜಿನಿಯರಿಂಗ್ ಕಾರ್ಖಾನೆಗಳ ಕಾರ್ಮಿಕರೇ ಗಿರಾಕಿಗಳು. ಸಂಕ್ರಾಂತಿಗೆ ಆಂಧ್ರದವರು ಇಲ್ಲ, ಹೋಳಿಗೆ ಉತ್ತರ ಪ್ರದೇಶದವರು ಇಲ್ಲ, ದೀಪಾವಳಿ ಕಳೆದು ಛಠ್ ಪೂಜೆಗೆ ಬಿಹಾರದವರು ಇಲ್ಲ. ಆ ವಾರಗಳಲ್ಲಿ ಬಂದು ನೋಡಿದವರು ಇಲ್ಲಿ ವ್ಯಾಪಾರವೇ ಇಲ್ಲ ಎಂದು ಹೊರಟುಹೋಗುತ್ತಾರೆ. ಜಾಗ ನೋಡುವುದಾದರೆ ಹಬ್ಬವಿಲ್ಲದ ತಿಂಗಳಲ್ಲಿ, ಸಂಬಳದ ವಾರ ಒಂದು ಸಲ, ತಿಂಗಳ ಕೊನೆಯಲ್ಲಿ ಒಂದು ಸಲ, ಬೆಳಿಗ್ಗೆ ಏಳಕ್ಕೆ ಮತ್ತು ರಾತ್ರಿ ಎಂಟಕ್ಕೆ ಎದುರಿನ ಟೀ ಅಂಗಡಿಯಲ್ಲಿ ಕುಳಿತು ತಲೆ ಎಣಿಸಿ. ಹಬ್ಬ ಕಣ್ಣಿಗೆ, ಅಂಗಡಿ ಲೆಕ್ಕಕ್ಕೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಸೇರಿಸಬೇಡಿ.

ಹೊರಡುವ ಮುಂಚೆ

1. ಹೋದ ವರ್ಷದ ತಾರೀಖು ನೋಡಿ ಟಿಕೆಟ್ ಮಾಡಬೇಡಿ. ಗಣೇಶ ಚೌತಿ 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ನಡುವೆ ಅಧಿಕ ಜ್ಯೇಷ್ಠ ಬರುವುದರಿಂದ ಅದರ ನಂತರದ ಆಷಾಢ, ಭಾದ್ರಪದ, ನವರಾತ್ರಿ ಎಲ್ಲವೂ ಮುಂದಕ್ಕೆ ಹೋಗುತ್ತವೆ. ಪಂಚಾಂಗ ನೋಡಿ, ಇಲ್ಲಿಯವರನ್ನು ಒಮ್ಮೆ ಕೇಳಿ.

2. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಗುರುತು ಹಾಕಿಕೊಳ್ಳಿ. ಬೆಂಗಳೂರಿನಿಂದ ಕಾಚಿಗುಡಕ್ಕೆ ರಾತ್ರಿ ರೈಲುಗಳಲ್ಲದೆ, ಯಶವಂತಪುರದಿಂದ ವಂದೇ ಭಾರತ್ 2023ರ ಸೆಪ್ಟೆಂಬರಿನಿಂದ ಓಡುತ್ತಿದೆ.

3. ರೂಮನ್ನು ನೋಡಬೇಕಾದ ಹಬ್ಬದ ಹತ್ತಿರ ಮಾಡಿ. ಬೋನಾಲಿಗೆ ಸಿಕಂದರಾಬಾದ್, ನುಮಾಯಿಷ್‌ಗೆ ನಾಂಪಲ್ಲಿ ಅಥವಾ ಅಬಿಡ್ಸ್.

4. ಊರಿನಲ್ಲಿ ಬಿಟ್ಟು ಬರುವ ಅಡುಗೆ ಭಟ್ಟರಿಗೆ ಮತ್ತು ಗಲ್ಲಾದಲ್ಲಿ ಕೂರುವವರಿಗೆ ಹದಿನೈದು ದಿನ ಮೊದಲೇ ಹೇಳಿ. ಸಾಧ್ಯವಾದರೆ ಭಟ್ಟರನ್ನೇ ಒಮ್ಮೆ ಜೊತೆಗೆ ಕರೆತನ್ನಿ. ನಾವು ನೋಡಿ ಹೋಗಿ ಹೇಳುವುದಕ್ಕಿಂತ ಅವರು ನಾಲಿಗೆಯಲ್ಲಿ ನೋಡಿಕೊಂಡು ಹೋಗುವುದು ಲಾಭ.

ಕೊನೆಯದಾಗಿ, ಈ ಊರು ನಮಗೆ ಪರಸ್ಥಳವಲ್ಲ. ಬೀದರ್, ಕಲಬುರಗಿ, ರಾಯಚೂರು 1948ರ ಸೆಪ್ಟೆಂಬರ್ ತನಕ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕನ್ನಡ ನಾಡಿಗೆ ಸೇರಿದವು. ಆ ಕಾಲದಿಂದ ಇಲ್ಲಿ ನೆಲೆಸಿದ ಕನ್ನಡಿಗರಿದ್ದಾರೆ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಬಂದವರು ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಸಿಕಂದರಾಬಾದಿನಿಂದ ಬೋವೆನಪಲ್ಲಿ, ಸುಚಿತ್ರಾ ದಾರಿ ಹಿಡಿದರೆ ಜೀಡಿಮೆಟ್ಲಾ ದೂರವಿಲ್ಲ. ಈ ಕಡೆ ಬಂದ ಸದಸ್ಯರಿಗೆ ಕಾಫಿ ತಿಂಡಿಗೆ ಬಿಲ್ ಹಾಕುವ ಪದ್ಧತಿ ನಮ್ಮಲ್ಲಿಲ್ಲ.